ಅಂಬಾಸಿಡರಿನ ಎಡಗಡೆಯ ಕಮಾನು

ಕ್ಲಚ್ ಬಿಟ್ಟು ಕಾರು ಮುಂದಕ್ಕೆ ಹೊರಡುವ ಗಳಿಗೆಯಲ್ಲಿ ಹಿಂದಿನ ಸೀಟಿನ ಕೆಳಗೆಲ್ಲೋ ‘ಟಕ್’ ಎಂದು ಒಂದೇ ಒಂದು ಸದ್ದು. ಬ್ರೇಕ್ ಒತ್ತಿ ನಿಲ್ಲಿಸುವಾಗ ಅಂಥದೇ ಇನ್ನೊಂದು. 2023ರ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಅಂಬಾಸಿಡರ್ ಕಾರಿಗೆ ಅಂಟಿಕೊಂಡ ಹೊಸ ಚಾಳಿ ಇದು. ಮೂವತ್ತು ವರ್ಷ ದಾಟಿದ ಕಾರಿನಲ್ಲಿ ಸದ್ದಿಗೇನು ಬರವೇ, ಬಾಗಿಲಿನದೊಂದು, ಡಿಕ್ಕಿಯದೊಂದು, ಸ್ಟೆಪ್ನಿಯದೊಂದು ಎಂದು ಇರುವ ಹತ್ತರಲ್ಲಿ ಇದು ಹನ್ನೊಂದನೆಯದು ಎಂದುಕೊಂಡು ನಾನು ಸುಮಾರು ಒಂದೂವರೆ ತಿಂಗಳು ಸುಮ್ಮನಿದ್ದೆ. ಹಾಗೆ ಸುಮ್ಮನಿದ್ದದ್ದು ಎಂಥ ತಪ್ಪು ಎಂಬುದು ಮುಂದೆ ಕಾರಿನ ಭಾರ ಹೊರುವ ಉಕ್ಕಿನ ಪ್ಲೇಟುಗಳ ಕಮಾನನ್ನು, ಅಂದರೆ ಲೀಫ್ ಸ್ಪ್ರಿಂಗನ್ನು, ಬಿಚ್ಚಿ ಅಂಗಳದಲ್ಲಿ ಹರಡಿದ ದಿನ ಗೊತ್ತಾಯಿತು.

ಕಾರು 1991ರ ಅಂಬಾಸಿಡರ್ ನೋವಾ, 1489 ಸಿ.ಸಿ.ಯ ಡೀಸೆಲ್ ಎಂಜಿನ್ನಿನದು. ತೀರ್ಥಹಳ್ಳಿಯ ಸಮೀಪ ನಮ್ಮದು ಸ್ವಲ್ಪ ಅಡಿಕೆ ತೋಟ. ತಂದೆಯವರ ಕಾಲದಲ್ಲಿ ಈ ಕಾರು ಮದುವೆ ಮುಂಜಿಗೆ ಕರೆದೊಯ್ಯುವ ವಾಹನವಾಗಿದ್ದಂತೆಯೇ ಅಡಿಕೆ ಮೂಟೆ ಹೊರುವ ಗಾಡಿಯೂ ಆಗಿತ್ತು. ಹಿಂದಿನ ಸೀಟನ್ನು ಕಳಚಿಟ್ಟು, ಡಿಕ್ಕಿಯ ಬಾಗಿಲನ್ನು ಹಗ್ಗದಲ್ಲಿ ಕಟ್ಟಿ, ಎಷ್ಟು ಹಿಡಿಯುತ್ತದೋ ಅಷ್ಟನ್ನೂ ತುಂಬಿ ಅವರು ಶಿವಮೊಗ್ಗದ ಮಂಡಿಗೆ ಹೋಗಿಬರುತ್ತಿದ್ದುದನ್ನು ನಾನು ಕಂಡಿದ್ದೇನೆ. ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಪಾಠ ಹೇಳಿ ನಿವೃತ್ತನಾದ ನನ್ನ ಕೈಗೆ ಕಾರು ಬಂದ ಮೇಲೆ ಅದು ಹೊತ್ತ ಅತಿ ದೊಡ್ಡ ಭಾರವೆಂದರೆ ನೆಂಟರು ಮಾತ್ರ. ಆದ್ದರಿಂದ ಹಿಂದಿನ ಕಮಾನಿನ ಬಗ್ಗೆ ನನಗೆ ಯಾವ ಅನುಮಾನವೂ ಬಂದಿರಲಿಲ್ಲ.

ಊರಿನ ಮೆಕ್ಯಾನಿಕ್ ಕಾರನ್ನು ಒಮ್ಮೆ ಹಿಂದಕ್ಕೆ ಮುಂದಕ್ಕೆ ಓಡಿಸಿ ನೋಡಿ, ಎಂಜಿನ್ನಿನ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದರೆ ಅದರ ತುದಿಯ ಕೀಲು, ಹೋಗಿದೆ ಎಂದರು. ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಹಳೆಯ ಕಾರುಗಳಲ್ಲಿ ಹೊರಡುವಾಗ ‘ಟಕ್’ ಎಂದರೆ ಹತ್ತರಲ್ಲಿ ಎಂಟು ಸಲ ಕ್ರಾಸಿನ ದೋಷವೇ ಆಗಿರುವುದರಿಂದ ಅವರ ಮಾತನ್ನು ತಪ್ಪೆನ್ನಲಾಗದು. ಎರಡು ಕ್ರಾಸುಗಳನ್ನೂ ಹೊಸದಾಗಿ ಹಾಕಿಸಿದೆ. ಸದ್ದು ಮಾತ್ರ ಹೋಗಲಿಲ್ಲ. ಅದಾದ ಮೇಲೆ ನಿಧಾನವಾಗಿ ಯೋಚಿಸಿದಾಗ, ಈ ಖರ್ಚನ್ನು ತಪ್ಪಿಸಬಹುದಿತ್ತು ಎನಿಸಿತು. ಕ್ಲಚ್ ಒತ್ತಿಕೊಂಡೇ ಬ್ರೇಕ್ ಹಾಕಿದಾಗ ಎಂಜಿನ್ನಿಗೂ ಶಾಫ್ಟಿಗೂ ಸಂಬಂಧವೇ ಇರುವುದಿಲ್ಲ. ಆಗಲೂ ಸದ್ದು ಬರುತ್ತಿದೆ ಎಂದಾದರೆ ಅದು ಶಾಫ್ಟಿನಲ್ಲಿ ಹುಟ್ಟುತ್ತಿರುವುದಲ್ಲ, ಹಿಂದಿನ ಎರಡೂ ಚಕ್ರಗಳನ್ನು ಹೊತ್ತ ಆಕ್ಸಲೇ ತಾನಿದ್ದ ಜಾಗದಿಂದ ಅಲುಗುತ್ತಿದೆ ಎಂದು ಅರ್ಥ. ಇಷ್ಟು ತರ್ಕ ಮಾಡಲು ನನಗೆ ಕ್ರಾಸಿನ ಖರ್ಚಿನ ಬಿಲ್ ಕೈಗೆ ಬರಬೇಕಾಯಿತು.

ಕಾರು ಎಡಕ್ಕೆ ವಾಲಿರುವುದನ್ನು ಮೊದಲು ಕಂಡವಳು ನನ್ನ ಹೆಂಡತಿ. ಅಂಗಳದಲ್ಲಿ ನಿಂತಿದ್ದ ಕಾರನ್ನು ಹಿಂದಿನಿಂದ ನೋಡಿ, “ಇದೇನ್ರೀ, ಕಾರು ಒಂದು ಕಡೆಗೆ ಕೂತಿದೆಯಲ್ಲ” ಎಂದಳು. ಅಂಗಳದ ಇಳಿಜಾರು ಇರಬೇಕು ಎಂದು ನಾನೆಂದೆ. ಆದರೂ ಮನಸ್ಸು ತಡೆಯದೆ ಕಾರನ್ನು ತಿರುಗಿಸಿ, ಮುಖ ಬೇಲಿಯ ಕಡೆಗೆ ಬರುವಂತೆ ಅದೇ ಜಾಗದಲ್ಲಿ ನಿಲ್ಲಿಸಿ ನೋಡಿದೆ. ಇಳಿಜಾರೇ ಕಾರಣವಾಗಿದ್ದರೆ ಈಗ ಅದು ಬಲಕ್ಕೆ ವಾಲಬೇಕಾಗಿತ್ತು. ಆದರೆ ಅದು ಮತ್ತೆ ತನ್ನ ಎಡಕ್ಕೇ ವಾಲಿ ನಿಂತಿತ್ತು.

ಕಾರಿನ ಕೆಳಗೆ ಟಾರ್ಚ್ ಹಿಡಿದು ಮಲಗಿ ನೋಡಿದರೆ ಕಮಾನಿನ ಪ್ಲೇಟುಗಳೆಲ್ಲ ತುಕ್ಕು ಹಿಡಿದಿದ್ದರೂ ಇಡಿಯಾಗಿಯೇ ಕಂಡವು. ಎಲ್ಲಿಯೂ ಬಿರುಕಿಲ್ಲ, ತುಂಡಾದ ಗುರುತಿಲ್ಲ. ಆಗ ಕಣ್ಣನ್ನು ನಂಬುವುದು ಬಿಟ್ಟು ಟೇಪನ್ನು ನಂಬೋಣ ಎಂದು ತೀರ್ಮಾನಿಸಿದೆ. ಈ ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ 97 ಇಂಚು, ಅಂದರೆ 2464 ಮಿಲಿಮೀಟರ್. ಸ್ಟಿಯರಿಂಗನ್ನು ನೇರವಾಗಿಟ್ಟು, ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ತೂಗುಗುಂಡು ಇಳಿಬಿಟ್ಟು, ಸಿಮೆಂಟಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ತಮ್ಮನ ಮಗನಿಗೆ ಟೇಪಿನ ಒಂದು ತುದಿ ಕೊಟ್ಟು ಅಳೆದೆ. ಬಲಗಡೆಯ ಅಳತೆ 2464ಕ್ಕೆ ಒಂದೆರಡು ಮಿಲಿಮೀಟರ್ ಆಚೀಚೆ ಇತ್ತು. ಎಡಗಡೆಯದು ಅದಕ್ಕಿಂತ 14 ಮಿಲಿಮೀಟರ್ ಹೆಚ್ಚು. ಹುಡುಗ ತಪ್ಪಾಗಿ ಹಿಡಿದಿರಬಹುದೆಂದು ಮೂರು ಸಲ ಅಳೆದರೂ ಲೆಕ್ಕ ಬದಲಾಗಲಿಲ್ಲ. ಹಿಂದಿನ ಆಕ್ಸಲಿನ ಎಡತುದಿ ಹಿಂದಕ್ಕೆ ಸರಿದಿತ್ತು, ಅಂದರೆ ಕಾರು ಇಷ್ಟು ದಿನ ಏಡಿಯಂತೆ ಕೊಂಚ ಓರೆಯಾಗಿ ಓಡುತ್ತಿತ್ತು. ಅಂದಿನಿಂದ ಅದನ್ನು ರಸ್ತೆಗೆ ಇಳಿಸಲಿಲ್ಲ.

ಇಲ್ಲಿ ಈ ಕಮಾನಿನ ಕೆಲಸವೇನೆಂದು ಸ್ವಲ್ಪ ಹೇಳಬೇಕು. ಈಗಿನ ಕಾರುಗಳಲ್ಲಿ ಭಾರ ಹೊರಲು ಸುರುಳಿ ಸ್ಪ್ರಿಂಗ್ ಇದ್ದರೆ, ಚಕ್ರವನ್ನು ಅದರ ಜಾಗದಲ್ಲಿ ಹಿಡಿದಿಡಲು ಬೇರೆ ತೋಳುಗಳಿರುತ್ತವೆ. ಅಂಬಾಸಿಡರಿನ ಹಿಂಭಾಗದಲ್ಲಿ ಎರಡೂ ಕೆಲಸ ಲಾರಿಯಲ್ಲಿದ್ದಂತೆ ಕಮಾನು ಪ್ಲೇಟುಗಳದ್ದೇ. ಎಲ್ಲಕ್ಕಿಂತ ಉದ್ದವಾದ ಮೇನ್ ಪ್ಲೇಟಿನ ಎರಡೂ ತುದಿಗಳನ್ನು ಸುರುಳಿ ಸುತ್ತಿ ಕಣ್ಣು ಮಾಡಿರುತ್ತಾರೆ. ಮುಂದಿನ ಕಣ್ಣು ಕಾರಿನ ಬಾಡಿಯೊಂದಿಗೆ ನೇರವಾಗಿ ಪಿನ್ನಿನಿಂದ ಸೇರುತ್ತದೆ, ಹಿಂದಿನ ಕಣ್ಣು ಶಾಕಲ್ ಎಂಬ ತೂಗುವ ಕೊಂಡಿಗೆ ಸೇರುತ್ತದೆ. ಕಮಾನು ಚಪ್ಪಟೆಯಾದಾಗ ಅದರ ಉದ್ದ ಹೆಚ್ಚುವುದರಿಂದ ಹಿಂದಿನ ತುದಿಗೆ ಓಡಾಡಲು ಈ ಕೊಂಡಿ ಬೇಕು. ಉಳಿದ ಪ್ಲೇಟುಗಳು ಒಂದಕ್ಕಿಂತ ಒಂದು ಗಿಡ್ಡವಾಗಿ ಮೇನ್ ಪ್ಲೇಟಿನ ಕೆಳಗೆ ಸೇರಿರುತ್ತವೆ. ಎಲ್ಲವನ್ನೂ ನಟ್ಟನಡುವೆ ತೂರಿ ಹೋಗುವ ಸೆಂಟರ್ ಬೋಲ್ಟ್ ಒಂದುಗೂಡಿಸುತ್ತದೆ. ಆ ಕಟ್ಟನ್ನು ಎರಡು ಯು ಬೋಲ್ಟುಗಳು ಆಕ್ಸಲಿಗೆ ಬಿಗಿದು ಹಿಡಿಯುತ್ತವೆ. ಚಕ್ರ ಕಾರನ್ನು ಮುಂದಕ್ಕೆ ತಳ್ಳುವುದೂ, ಬ್ರೇಕ್ ಹಾಕಿದಾಗ ಹಿಂದಕ್ಕೆ ಎಳೆಯುವುದೂ ಮೇನ್ ಪ್ಲೇಟಿನ ಮುಂದಿನ ಅರ್ಧದ ಮೂಲಕವೇ. ಕಾರು ಹೊರಟಾಗ ಒಂದು ‘ಟಕ್’, ನಿಂತಾಗ ಒಂದು ‘ಟಕ್’ ಎಂಬುದರ ಗುಟ್ಟು ಈಗ ಬಯಲಾಗುತ್ತ ಬಂತು.

ಬಿಚ್ಚುವ ಕೆಲಸವನ್ನು ನಾವೇ ಮಾಡುವುದೆಂದು ತೀರ್ಮಾನಿಸಿದೆವು. ನಾವೆಂದರೆ ನಾನು ಮತ್ತು ಡಿಪ್ಲೊಮಾ ಓದುತ್ತಿರುವ ತಮ್ಮನ ಮಗ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಮರದ ಅಡೆ ಕೊಟ್ಟು, ಹಿಂಭಾಗವನ್ನು ಎತ್ತಿ, ಬಾಡಿಯ ಕೆಳಗಿನ ಉದ್ದ ತೊಲೆಗೆ ಕಬ್ಬಿಣದ ಸ್ಟ್ಯಾಂಡ್ ಇಟ್ಟೆವು. ನಮ್ಮ ಕಡೆ ಜಂಬಿಟ್ಟಿಗೆ ಕಲ್ಲು ಜೋಡಿಸಿ ಅದರ ಮೇಲೆ ಕಾರು ನಿಲ್ಲಿಸುವ ರೂಢಿಯಿದೆ. ಜಂಬಿಟ್ಟಿಗೆ ಗೋಡೆಗೆ ಒಳ್ಳೆಯದು. ಮಳೆ ಕುಡಿದ ಜಂಬಿಟ್ಟಿಗೆಯ ಮೂಲೆ ಯಾವಾಗ ಉದುರುತ್ತದೆ ಎಂದು ಹೇಳಬರುವುದಿಲ್ಲವಾದ್ದರಿಂದ, ಅದರ ಮೇಲೆ ನಿಂತ ಕಾರಿನ ಕೆಳಗೆ ತಲೆ ಇಡುವುದಕ್ಕೆ ನಾನು ಒಪ್ಪುವುದಿಲ್ಲ. ಸ್ಟ್ಯಾಂಡುಗಳನ್ನು ಪರಿಚಯದ ಗ್ಯಾರೇಜಿನಿಂದ ಎರಡು ದಿನಕ್ಕೆ ಕೇಳಿ ತಂದಿದ್ದೆವು. ಆಕ್ಸಲಿನ ಕೆಳಗೆ ಪ್ರತ್ಯೇಕವಾಗಿ ಜಾಕ್ ಇಟ್ಟು, ಶಾಕ್ ಅಬ್ಸಾರ್ಬರಿನ ಕೆಳತುದಿ ಬಿಡಿಸಿದೆವು. ಆಕ್ಸಲ್ ಕೆಳಗಿಳಿದಾಗ ಬ್ರೇಕಿನ ರಬ್ಬರ್ ಕೊಳವೆ ಜಗ್ಗದಂತೆ ಹುಡುಗ ಪ್ರತಿ ಸಲವೂ ಅದನ್ನು ಮುಟ್ಟಿ ನೋಡುತ್ತಿದ್ದ.

ಈ ಕಾರಿನ ವಂಶ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದದ್ದು. ಹಾಗಾಗಿ ನಟ್ಟುಗಳೆಲ್ಲ ಇಂಚಿನ ಲೆಕ್ಕದವು. ಒಂಬತ್ತು ಹದಿನಾರಾಂಶ ಇಂಚಿನ ನಟ್ಟು ಎಂದರೆ 14.29 ಮಿಲಿಮೀಟರ್. ಹದಿನಾಲ್ಕರ ಸ್ಪ್ಯಾನರ್ ಅದರ ಮೇಲೆ ಕೂರುವುದಿಲ್ಲ, ಹದಿನೈದರದ್ದು ಕೂತಂತೆ ಮಾಡಿ ಜಾರಿ ಮೂಲೆಗಳನ್ನು ಸವೆಸಿಬಿಡುತ್ತದೆ. ತಂದೆಯವರ ಇಂಚಿನ ಸ್ಪ್ಯಾನರುಗಳ ಕಟ್ಟು ಅಟ್ಟದ ಮೇಲೆ ಎಣ್ಣೆ ಬಟ್ಟೆಯಲ್ಲಿ ಸುತ್ತಿದ್ದ ಹಾಗೆಯೇ ಸಿಕ್ಕಿತು. ಆದರೂ ಎರಡು ರಾತ್ರಿ ಡೀಸೆಲ್ ಕುಡಿಸಿದ ಮೇಲೆ ಯು ಬೋಲ್ಟಿನ ನಾಲ್ಕು ನಟ್ಟುಗಳಲ್ಲಿ ಮೂರು ಮಾತ್ರ ಅಲುಗಿದವು. ನಾಲ್ಕನೆಯದನ್ನು ಗರಗಸದಲ್ಲಿ ಕೊಯ್ಯಬೇಕಾಯಿತು. ವಿಚಿತ್ರವೆಂದರೆ, ತುಕ್ಕಿನಿಂದ ಬೋಲ್ಟಿಗೆ ಇಷ್ಟು ಬಲವಾಗಿ ಕಚ್ಚಿಕೊಂಡಿದ್ದ ಈ ನಟ್ಟುಗಳು ಪ್ಲೇಟುಗಳನ್ನು ಬಿಗಿದು ಹಿಡಿದೇ ಇರಲಿಲ್ಲ. ಬಿಚ್ಚುವ ಮೊದಲು ಕಮಾನಿನ ನಡುಭಾಗಕ್ಕೆ ಸುತ್ತಿಗೆಯಿಂದ ತಟ್ಟಿದಾಗ, ಒಂದೇ ಗಟ್ಟಿ ಸದ್ದಿನ ಬದಲು ಸಡಿಲ ಪ್ಲೇಟುಗಳ ಗಲಗಲ ಕೇಳಿಸಿತ್ತು.

ಪ್ಲೇಟುಗಳ ಕಟ್ಟನ್ನು ಹೊರಗೆಳೆದು, ಸೆಂಟರ್ ಬೋಲ್ಟ್ ಬಿಚ್ಚುವ ಮೊದಲು ಎರಡು ದೊಡ್ಡ ಕ್ಲಾಂಪುಗಳಿಂದ ಹಿಡಿದೆವು. ಇಲ್ಲವಾದರೆ ಬೋಲ್ಟ್ ಬಿಟ್ಟ ಕ್ಷಣ ಪ್ಲೇಟುಗಳು ಚಿಮ್ಮುತ್ತವೆ. ಕ್ಲಾಂಪ್ ಸಡಿಲಿಸುತ್ತ ಬಂದಂತೆ ಮೇನ್ ಪ್ಲೇಟು ಒಂದಾಗಿದ್ದುದು ಎರಡಾಗಿ ಕೈಗೆ ಬಂತು. ಸರಿಯಾಗಿ ಸೆಂಟರ್ ಬೋಲ್ಟಿನ ತೂತಿನ ಅಡ್ಡಕ್ಕೆ ಮುರಿದಿತ್ತು. ಯು ಬೋಲ್ಟುಗಳ ನಡುವೆ, ಆಕ್ಸಲಿನ ಅಡಿಯಲ್ಲಿ ಮುಚ್ಚಿಹೋಗಿದ್ದ ಆ ಮುರಿತ ಕೆಳಗೆ ಮಲಗಿ ನೋಡುವವರಿಗೆ ಯಾವ ಕಾಲಕ್ಕೂ ಕಾಣುವಂತಿರಲಿಲ್ಲ.

ಮುರಿದ ಮುಖವನ್ನು ಡೀಸೆಲಿನಲ್ಲಿ ತೊಳೆದು ಬಿಸಿಲಿಗೆ ಹಿಡಿದು ನೋಡಿದ ಆ ಹತ್ತು ನಿಮಿಷಗಳು ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ರುಚಿಸಿದ ಭಾಗ. ತೂತಿನ ಒಂದು ಪಕ್ಕದ ಮುಖವೆಲ್ಲ ಕಂದು ಬಣ್ಣಕ್ಕೆ ತಿರುಗಿತ್ತು, ಅಂಚಿನಿಂದ ಒಳಕ್ಕೆ ನದಿಯ ದಂಡೆಯಲ್ಲಿ ನೀರು ಇಳಿಯುತ್ತ ಬಿಟ್ಟ ಗೆರೆಗಳಂತೆ ಬಾಗಿದ ಗೆರೆಗಳಿದ್ದವು. ಇನ್ನೊಂದು ಪಕ್ಕದಲ್ಲಿ ಅರ್ಧ ಕಂದು, ಉಳಿದರ್ಧ ಸಕ್ಕರೆ ಹರಳಿನ ಹಾಗೆ ಬೂದು ಬಿಳುಪಿನಲ್ಲಿ ಮಿನುಗುತ್ತಿತ್ತು. ಲೋಹ ಒಂದೇ ಏಟಿಗೆ ಮುರಿದರೆ ಮುಖವೆಲ್ಲ ಒಂದೇ ಬಗೆಯಾಗಿ ಹೊಸದಾಗಿ ಕಾಣಬೇಕು. ಇಲ್ಲಿ ತೂತಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಎಂದೋ ಹುಟ್ಟಿ, ಪ್ರತಿ ಗುಂಡಿಗೆ, ಪ್ರತಿ ಉಬ್ಬಿಗೆ ಒಂದಿಷ್ಟು ಮುಂದುವರಿದು, ಒಳಗೆ ನೀರು ಹೋಗಿ ತುಕ್ಕು ಹಿಡಿದು, ಒಂದು ಪಕ್ಕ ಪೂರ್ತಿ ಹೋದ ಮೇಲೂ ಇನ್ನೊಂದು ಪಕ್ಕ ಭಾರ ಹೊತ್ತು, ಕೊನೆಗೆ ಉಳಿದ ಚೂರು ತಾಳಲಾರದೆ ಒಮ್ಮೆಗೇ ಹರಿದಿತ್ತು. ಮಿನುಗುತ್ತಿದ್ದ ಆ ಚೂರು ಮಾತ್ರ ಈ ವರ್ಷದ ಮುರಿತ. ಕಂದು ಭಾಗಕ್ಕೆ ವರ್ಷಗಳ ವಯಸ್ಸು. ಕೊನೆಯ ಮಳೆಗಾಲದಲ್ಲಿ ರಸ್ತೆಯ ಯಾವ ಗುಂಡಿಯಲ್ಲಿ ಇಳಿಸಿ ಇದನ್ನು ಮುರಿದೆನೋ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದವನಿಗೆ ಸ್ವಲ್ಪ ಸಮಾಧಾನವಾಯಿತು.

ಹಾಗಾದರೆ ಬಿರುಕು ಅಲ್ಲಿಯೇ ಯಾಕೆ ಹುಟ್ಟಿತು? ಉತ್ತರ ಕಾಲಬುಡದಲ್ಲೇ ಬಿದ್ದಿತ್ತು. ಕಮಾನಿನಲ್ಲಿ ಅತಿ ಹೆಚ್ಚು ಬಾಗಿಸುವ ಬಲ ಬೀಳುವುದು ನಡುವಿನಲ್ಲಿ, ತೂತು ಕೊರೆದು ಪ್ಲೇಟನ್ನು ದುರ್ಬಲ ಮಾಡಿರುವುದೂ ಅದೇ ನಡುವಿನಲ್ಲಿ. ಯು ಬೋಲ್ಟುಗಳು ಬಿಗಿಯಾಗಿದ್ದಷ್ಟು ಕಾಲ ಅವುಗಳ ನಡುವಿನ ಭಾಗ ಆಕ್ಸಲಿನ ಪೀಠದೊಂದಿಗೆ ಒಂದೇ ಗಟ್ಟಿಯಂತೆ ಇರುವುದರಿಂದ ಬಾಗುವುದೆಲ್ಲ ಬೋಲ್ಟುಗಳ ಹೊರಗೇ ನಡೆಯುತ್ತದೆ, ತೂತಿಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಬಿಗಿ ಕಳೆದರೆ ಬಾಗುವಿಕೆ ಒಳಗೆ ನುಗ್ಗಿ ನೇರವಾಗಿ ತೂತಿನ ಅಂಚಿಗೆ ಬೀಳುತ್ತದೆ. ನಮ್ಮ ಕಮಾನಿನಲ್ಲಿ ಒಟ್ಟು ಆರು ಪ್ಲೇಟುಗಳಿದ್ದವು, ಅವುಗಳಲ್ಲಿ ಒಂದರ ಬಣ್ಣವೂ ದಪ್ಪವೂ ಬೇರೆ. ಅಡಿಕೆ ಮೂಟೆಗಾಗಿ ತಂದೆಯವರು ಯಾವುದೋ ಗ್ಯಾರೇಜಿನಲ್ಲಿ ಸೇರಿಸಿದ್ದ ಹೆಚ್ಚುವರಿ ಪ್ಲೇಟದು. ಪ್ಲೇಟು ಸೇರಿಸಿದವರು ಕಟ್ಟಿನ ದಪ್ಪ ಹೆಚ್ಚಿತೆಂದು ಯು ಬೋಲ್ಟನ್ನು ಉದ್ದನೆಯದಕ್ಕೆ ಬದಲಿಸಿರಲಿಲ್ಲ. ನಟ್ಟಿನಿಂದ ಹೊರಗೆ ಎರಡು ಮೂರು ಮರೆ (ತಿರುಪಿನ ಸುತ್ತು) ಚಾಚಿರಬೇಕಾದ ಬೋಲ್ಟಿನ ತುದಿ ನಟ್ಟಿನ ಒಳಗೇ ಎರಡು ಮರೆ ಹಿಂದೆ ನಿಂತಿತ್ತು. ಅಷ್ಟು ಕಡಿಮೆ ಮರೆಯ ಹಿಡಿತದಲ್ಲಿ ಯಾರೂ ಪೂರ್ತಿ ಬಲ ಹಾಕಿ ಬಿಗಿಯಲಾರರು. ಪ್ಲೇಟುಗಳ ನಡುವಿನ ಬಣ್ಣ, ತುಕ್ಕು ಸವೆದು ಕಟ್ಟು ಕೂತ ಮೇಲೆ ಇದ್ದ ಅಲ್ಪ ಬಿಗಿಯೂ ಹೋಯಿತು. ಬಲ ಹೆಚ್ಚಲೆಂದು ಹಾಕಿದ ಪ್ಲೇಟೇ ಮೇನ್ ಪ್ಲೇಟಿನ ಪ್ರಾಣ ತೆಗೆದಿತ್ತು.

ಮುರಿದದ್ದನ್ನು ಬೆಸೆದು ಕೂರಿಸಿ ಎಂದು ಸಲಹೆ ಕೊಟ್ಟವರು ಒಬ್ಬಿಬ್ಬರಲ್ಲ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಕಡೆ ಲಾರಿಗಳ ಕಮಾನು ಕೆಲಸ ಮಾಡುವ ಹಿರಿಯ ಆಚಾರ್ಯರೊಬ್ಬರನ್ನು ನೆಂಟರು ತೋರಿಸಿದರು. ಎರಡು ತುಂಡುಗಳನ್ನೂ ಅವರ ಮುಂದಿಟ್ಟು, ವೆಲ್ಡಿಂಗ್ ಆಗುವುದೇ ಎಂದು ಕೇಳಿದೆ. ಅವರು ತುಂಡುಗಳನ್ನು ತಿರುಗಿಸಿ ನೋಡಿ, “ಆಗ್ತದೆ ಮೇಷ್ಟ್ರೇ, ಯಾಕಾಗಲ್ಲ? ನೀವು ಮನೆ ಸೇರೋತನಕ ಇರ್ತದೆ” ಎಂದರು. ಕಮಾನಿನ ಉಕ್ಕು ಸಿಲಿಕಾನ್ ಮತ್ತು ಮ್ಯಾಂಗನೀಸ್ ಬೆರೆತ, ಹದ ಹಾಕಿದ ಉಕ್ಕು. ಬೆಸುಗೆಯ ಬೆಂಕಿ ತಾಗಿದ ಕಡೆ ಆ ಹದ ಕೆಡುತ್ತದೆ. ಬೆಸುಗೆಯ ಒತ್ತಿಗೆ ಗಾಜಿನಂತೆ ಪೆಡಸಾದ ಪಟ್ಟೆ, ಅದರಾಚೆಗೆ ಮೆತ್ತಗಾದ ಪಟ್ಟೆ ಉಂಟಾಗಿ, ಮುಂದಿನ ಸಲ ಅಲ್ಲೇ ಮುರಿಯುತ್ತದೆ. ಆಚಾರ್ಯರು ಇದನ್ನೆಲ್ಲ ವಿವರಿಸಲಿಲ್ಲ, ಮೂಲೆಯಲ್ಲಿ ಬಿದ್ದಿದ್ದ, ಬೆಸುಗೆಯ ಪಕ್ಕದಲ್ಲೇ ಮತ್ತೆ ಮುರಿದ ಲಾರಿ ಪ್ಲೇಟೊಂದನ್ನು ಕಾಲಿನಿಂದ ನನ್ನ ಕಡೆಗೆ ತಳ್ಳಿದರು.

ಅಂಬಾಸಿಡರ್ ತಯಾರಿಕೆ ಉತ್ತರಪಾರಾದಲ್ಲಿ 2014ರಲ್ಲೇ ನಿಂತಿದ್ದರೂ ಬುಷ್, ಪಿನ್ನು, ಶಾಕಲ್ ಮುಂತಾದವು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇನ್ನೂ ಸಿಗುತ್ತವೆ. ಅಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಕೊಂಡು ಬಸ್ಸಿನ ಪಾರ್ಸೆಲ್‌ನಲ್ಲಿ ಕಳುಹಿಸಿಕೊಟ್ಟ. ಹೊಸ ಮೇನ್ ಪ್ಲೇಟು ಮಾತ್ರ ಕೈಗೆ ಬರಲಿಲ್ಲವಾದ್ದರಿಂದ ಅದನ್ನು ಆಚಾರ್ಯರೇ ಮಾಡಿಕೊಡುವುದೆಂದಾಯಿತು. ಬಲಗಡೆಯ ಕಮಾನನ್ನೂ ತಂದು ಎರಡನ್ನೂ ಒಟ್ಟಿಗೆ ಸರಿಮಾಡಿಸಬೇಕೆಂದು ಅವರು ಹಟ ಹಿಡಿದರು. ಎಡಕ್ಕೆ ಹೊಸ ಬಿಲ್ಲು, ಬಲಕ್ಕೆ ದಣಿದ ಬಿಲ್ಲು ಹಾಕಿದರೆ ಕಾರು ಈಗ ವಾಲಿದ್ದಕ್ಕೆ ವಿರುದ್ಧವಾಗಿ ವಾಲುತ್ತದೆ ಎಂಬ ಅವರ ಮಾತಿನಲ್ಲಿ ಹುರುಳಿತ್ತು. ಮರುದಿನ ಬಲಗಡೆಯದನ್ನೂ ಬಿಚ್ಚಿ, ಬಾಡಿಗೆ ಜೀಪಿನಲ್ಲಿ ಎರಡನ್ನೂ ಹೊತ್ತು ಹೋದೆ. ಅದರ ಯು ಬೋಲ್ಟುಗಳೂ ಅಷ್ಟೇ ಗಿಡ್ಡವಾಗಿದ್ದವು. ತೂತಿನ ಸುತ್ತ ಬಿರುಕು ಮಾತ್ರ ಕಾಣಲಿಲ್ಲ. ಆಚಾರ್ಯರು ಸೀಮೆಎಣ್ಣೆ ಹಚ್ಚಿ ಒರೆಸಿ, ಮೇಲೆ ಸುಣ್ಣ ಬಳಿದು ಸ್ವಲ್ಪ ಹೊತ್ತು ಬಿಟ್ಟರು. ಬಿರುಕಿದ್ದರೆ ಒಳಗಿನ ಎಣ್ಣೆ ಸುಣ್ಣದ ಮೇಲೆ ಗೆರೆಯಾಗಿ ಮೂಡುತ್ತದೆ. ಮೂಡಲಿಲ್ಲ.

ಕುಲುಮೆಯ ಕೆಲಸವನ್ನು ನಾನು ಇಡೀ ದಿನ ನಿಂತು ನೋಡಿದೆ. ಅದೇ ಅಗಲದ, ಅದೇ ದಪ್ಪದ ಹೊಸ ಪಟ್ಟಿಯನ್ನು ಹಳೆಯ ತುಂಡುಗಳನ್ನು ಜೋಡಿಸಿ ಅಳೆದು ಕತ್ತರಿಸಿದರು. ನಡುವಿನ ತೂತನ್ನು ಕಾಯಿಸಿ ಉಳಿಯಿಂದ ಹೊಡೆಯಲಿಲ್ಲ, ಡ್ರಿಲ್ಲಿನಿಂದ ಕೊರೆದು ಎರಡೂ ಕಡೆಯ ಅಂಚನ್ನು ಅರದಿಂದ ನಯಮಾಡಿದರು. ಹೊಡೆದು ಮಾಡಿದ ತೂತಿನ ಅಂಚಿನ ಸಣ್ಣ ಸಿಗುರೇ ಮುಂದೆ ಬಿರುಕಿಗೆ ಬೀಜವಾಗುತ್ತದೆಂದು ನನ್ನ ಕೈಯಲ್ಲಿದ್ದ ಮುರಿದ ತುಂಡೇ ಹೇಳುತ್ತಿತ್ತು. ತುದಿಗಳನ್ನು ಕೆಂಪಗೆ ಕಾಯಿಸಿ ಗುಂಡು ಸರಳಿಗೆ ಸುತ್ತಿ ಕಣ್ಣು ತೆಗೆದರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಬಿಲ್ಲಿನ ಗೆರೆ ಎಳೆದು, ಎರಡೂ ಮೇನ್ ಪ್ಲೇಟುಗಳನ್ನು ಅದೇ ಒಂದು ಗೆರೆಗೆ ಹೊಂದಿಸಿ ಬಾಗಿಸಿದ್ದನ್ನು ನೋಡಿ ಗಣಿತದ ಮೇಷ್ಟರಿಗೆ ಸಂತೋಷವಾಯಿತು. ಪ್ಲೇಟು ಇಡಿಯಾಗಿ ಕಿತ್ತಳೆ ಕೆಂಪಿಗೆ ಬಂದಾಗ ಅದನ್ನು ಎಣ್ಣೆಯ ತೊಟ್ಟಿಗೆ ಇಳಿಸಿದರು. ಉಷ್ಣತೆ ಸುಮಾರು 900 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು ಇರಬೇಕು. ಅವರ ಬಳಿ ಇದ್ದ ಮಾಪಕ ಕಣ್ಣೊಂದೇ. ಹಾಗೆ ಎಣ್ಣೆಯಲ್ಲಿ ತಣಿದ ಉಕ್ಕು ಗಡುಸು, ಆದರೆ ಬಿದ್ದರೆ ಒಡೆಯುವಷ್ಟು ಪೆಡಸು. ಆದ್ದರಿಂದ ಮತ್ತೆ ಕುಲುಮೆಯ ಮಂದ ಬೆಂಕಿಗೆ ಹಿಡಿದು ಹದಕ್ಕೆ ತರಬೇಕು. ಒಣಗಿದ ಮರದ ಕಡ್ಡಿಯನ್ನು ಪ್ಲೇಟಿನ ಮೇಲೆ ಉಜ್ಜುತ್ತ, ಅದು ಬರೀ ಹೊಗೆಯಾಡುತ್ತದೆಯೋ ಕಿಡಿ ಬಿಡುತ್ತದೆಯೋ ಎಂದು ಉದ್ದಕ್ಕೂ ಪರೀಕ್ಷಿಸಿ, ಕಿಡಿ ಬಿಡತೊಡಗಿದೊಡನೆ ಹೊರಗೆಳೆದು ಗಾಳಿಗೆ ಆರಲು ಇಟ್ಟರು. ಪುಸ್ತಕದಲ್ಲಿ ಇದಕ್ಕೆ 450ರಿಂದ 500 ಡಿಗ್ರಿ ಎಂದಿದೆ. ಕಾರ್ಖಾನೆಯಲ್ಲಿ ಇದರ ಮೇಲೆ ಇನ್ನೊಂದು ಸಂಸ್ಕಾರ ನಡೆಯುತ್ತದೆ. ಸಣ್ಣ ಉಕ್ಕಿನ ಕಾಳುಗಳನ್ನು ರಭಸದಿಂದ ಎರಚಿ, ಎಳೆತಕ್ಕೆ ಸಿಗುವ ಮೇಲ್ಮೈಯನ್ನು ಬಡಿದು ಬಿಗಿಗೊಳಿಸಿ ಬಿರುಕು ಹುಟ್ಟುವುದನ್ನು ತಡಮಾಡುತ್ತಾರೆ. ರಸ್ತೆಬದಿಯ ಕುಲುಮೆಯಲ್ಲಿ ಅದಾಗದು. ಹಾಗಾಗಿ ನಮ್ಮ ಹೊಸ ಪ್ಲೇಟು ಕಾರ್ಖಾನೆಯದರಷ್ಟು ಬಾಳುತ್ತದೆಂದು ನಾನು ಹೇಳಲಾರೆ.

ಹೆಚ್ಚುವರಿ ಪ್ಲೇಟುಗಳನ್ನು ಎರಡೂ ಕಡೆಯಿಂದ ತೆಗೆಸಿದೆ. ಅದೇ ಅಂಗಡಿಯ ಲೇತ್‌ನವರಿಂದ ಸರಿಯಾದ ಉದ್ದದ ಹೊಸ ಯು ಬೋಲ್ಟುಗಳನ್ನು ಮಾಡಿಸಿದೆ. ಹಳೆಯ ಯು ಬೋಲ್ಟನ್ನು, ಅದೆಷ್ಟೇ ಚೆನ್ನಾಗಿ ಕಂಡರೂ, ಮತ್ತೆ ಹಾಕಬಾರದು. ಒಮ್ಮೆ ಪೂರ್ತಿ ಬಿಗಿದ ಬೋಲ್ಟು ಹಿಗ್ಗಿರುತ್ತದೆ. ಪ್ಲೇಟುಗಳ ನಡುವೆ ಗ್ರಾಫೈಟ್ ಗ್ರೀಸ್ ಸವರುವ ವಿಷಯದಲ್ಲಿ ಆಚಾರ್ಯರಿಗೂ ನನಗೂ ಸಣ್ಣ ಭಿನ್ನಾಭಿಪ್ರಾಯ ಬಂತು. ಧೂಳು ಹಿಡಿದು ಅರದಂತೆ ತೇಯುತ್ತದೆ ಎಂದು ಅವರ ವಾದ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವಾಗ ಅದರ ಸೆರಗಿನಲ್ಲಿರುವ ನಮಗೆ ಧೂಳಿಗಿಂತ ತುಕ್ಕೇ ಶತ್ರು ಎಂದು ನನ್ನ ವಾದ. ಕಾರು ನನ್ನದಾದ್ದರಿಂದ ಗ್ರೀಸ್ ಸವರಲಾಯಿತು.

ಮರುಜೋಡಣೆಗೆ ಒಂದು ಭಾನುವಾರ ಸಾಕಾಯಿತು, ಆದರೆ ಅದರಲ್ಲಿ ಎಚ್ಚರ ತಪ್ಪಬಾರದ ಎರಡು ಜಾಗಗಳಿವೆ. ಸೆಂಟರ್ ಬೋಲ್ಟಿನ ತಲೆ ಆಕ್ಸಲಿನ ಪೀಠದಲ್ಲಿರುವ ಕುಳಿಯೊಳಗೆ ಪೂರ್ತಿ ಕೂತಿದೆಯೇ ಎಂದು ಬೆರಳಿಟ್ಟು ನೋಡದೆ ಯು ಬೋಲ್ಟು ಬಿಗಿಯತೊಡಗಿದರೆ, ತಲೆ ಅಂಚಿನ ಮೇಲೆ ನಿಂತು ಎಲ್ಲವೂ ಬಿಗಿಯಾದಂತೆ ಭ್ರಮೆಯಾಗುತ್ತದೆ. ನಾವು ಮೊದಲ ಸಲ ಹಾಗೆಯೇ ಮಾಡಿ, ಹುಡುಗ ಅನುಮಾನಪಟ್ಟಿದ್ದರಿಂದ ಸಡಿಲಿಸಿ ಸರಿಮಾಡಿದೆವು. ಎರಡನೆಯದು ಕಣ್ಣುಗಳ ಒಳಗೆ ಪಿನ್ನಿನ ಸುತ್ತ ಕೂರುವ ರಬ್ಬರ್ ಬುಷ್ಷುಗಳ ವಿಷಯ. ಕಾರು ಸ್ಟ್ಯಾಂಡಿನ ಮೇಲಿದ್ದು ಆಕ್ಸಲ್ ಕೆಳಗೆ ಜೋತಿರುವಾಗಲೇ ಕಣ್ಣಿನ ಪಿನ್ನು, ಶಾಕಲ್ಲಿನ ನಟ್ಟುಗಳನ್ನು ಬಿಗಿದುಬಿಟ್ಟರೆ ರಬ್ಬರು ಆ ಭಂಗಿಯಲ್ಲೇ ಹಿಡಿದುಕೊಳ್ಳುತ್ತದೆ. ಕಾರನ್ನು ಇಳಿಸಿದಾಗ ಅದು ತಿರುಚಿಕೊಂಡು, ಮುಂದೆ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿದುಹೋಗುತ್ತದೆ. ಆದ್ದರಿಂದ ಅವನ್ನು ಕೈಬಿಗಿಗೆ ಬಿಟ್ಟು, ಚಕ್ರ ಹಾಕಿ, ಕಾರನ್ನು ನೆಲಕ್ಕಿಳಿಸಿ, ಹುಡುಗನನ್ನೂ ಅವನ ಗೆಳೆಯನನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿ ನಾಲ್ಕಾರು ಸಲ ಕುಲುಕಿಸಿದ ಮೇಲೆ ಕೊನೆಯ ಬಿಗಿ ಕೊಟ್ಟೆ. ಯು ಬೋಲ್ಟಿನ ನಾಲ್ಕು ನಟ್ಟುಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯದೆ, ಕರ್ಣಕ್ಕೆ ಕರ್ಣವಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬಂದೆವು. ಈಗ ಪ್ರತಿ ನಟ್ಟಿನಿಂದಲೂ ಬೋಲ್ಟಿನ ಮೂರು ಮರೆ ಹೊರಗೆ ಕಾಣುತ್ತಿತ್ತು.

ಮೊದಲ ಓಟಕ್ಕೆ ಮೇಗರವಳ್ಳಿಯವರೆಗೆ ಒಬ್ಬನೇ ಹೋಗಿಬಂದೆ. ಹೊರಡುವಾಗಲೂ ನಿಲ್ಲುವಾಗಲೂ ಕಿವಿಯೆಲ್ಲ ಹಿಂದಕ್ಕೇ ಇತ್ತು. ಸದ್ದಿಲ್ಲ. ನೇರ ರಸ್ತೆಯಲ್ಲಿ ಸ್ಟಿಯರಿಂಗನ್ನು ಕೊಂಚ ಎಡಕ್ಕೆ ಹಿಡಿದುಕೊಳ್ಳುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತೆಂಬುದು ಅಂದು ತಿಳಿಯಿತು, ಏಕೆಂದರೆ ಹಾಗೆ ಹಿಡಿದರೆ ಕಾರು ಈಗ ಎಡಕ್ಕೇ ಹೋಗುತ್ತಿತ್ತು. ವಾರದ ನಂತರ ಆಗುಂಬೆ ಘಾಟಿಯ 14 ತಿರುವುಗಳನ್ನೂ ಇಳಿದು ಹೆಬ್ರಿಯವರೆಗೆ ಹೋಗಿ ಮತ್ತೆ ಹತ್ತಿ ಬಂದೆವು. ಹಿಂಭಾಗ ಮೊದಲಿಗಿಂತ ಮೆತ್ತಗಾಗಿದ್ದು, ತಿರುವುಗಳಲ್ಲಿ ಸ್ವಲ್ಪ ಹೆಚ್ಚು ಓಲಾಡುತ್ತದೆ. ಹೆಚ್ಚುವರಿ ಪ್ಲೇಟು ಹೋದ ಫಲವದು. ಇಷ್ಟು ವರ್ಷ ಪ್ರತಿ ಉಬ್ಬಿಗೆ ಹಿಂದಿನ ಸೀಟಿನಲ್ಲಿ ಕೂತವರ ಬೆನ್ನಿಗೆ ಗುದ್ದು ಬೀಳುತ್ತಿದ್ದುದು ಅಂಬಾಸಿಡರಿನ ಸ್ವಭಾವವೆಂದೇ ನಾವೆಲ್ಲ ನಂಬಿದ್ದೆವು.

ಮುನ್ನೂರು ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟುಗಳಿಗೆ ಮತ್ತೆ ಸ್ಪ್ಯಾನರ್ ಹಾಕಿ ನೋಡಿದೆ. ಎಂಟು ನಟ್ಟುಗಳಲ್ಲಿ ಐದು ಕಾಲು ಸುತ್ತಿನಷ್ಟು ತಿರುಗಿದವು. ಹೊಸ ಕಟ್ಟು ಕೂರುವಾಗ ಹೀಗಾಗುವುದು ಸಹಜ; ತಂದೆಯವರ ಕಾಲದಲ್ಲಿ ಪ್ಲೇಟು ಸೇರಿಸಿದ ಮೇಲೆ ಈ ಕಾಲು ಸುತ್ತನ್ನು ಯಾರೂ ಹಾಕಿರಲಿಲ್ಲ. ಸಾವಿರ ಕಿಲೋಮೀಟರಿಗೆ ಮತ್ತೊಮ್ಮೆ ನೋಡಿದಾಗ ಒಂದೂ ಅಲುಗಲಿಲ್ಲ. ಸೀಮೆಸುಣ್ಣ, ತೂಗುಗುಂಡು ಹಿಡಿದು ಮತ್ತೆ ಅಳೆದರೆ ಎಡಬಲಗಳ ವ್ಯತ್ಯಾಸ 2 ಮಿಲಿಮೀಟರ್ ಬಂತು. ಅಷ್ಟು ತಪ್ಪು ನನ್ನ ಟೇಪಿನಲ್ಲೇ ಇದ್ದೀತು. ಕ್ರಾಸಿನ ಖರ್ಚು ಬಿಟ್ಟು, ಬಾಡಿಗೆ ಜೀಪೂ ಸೇರಿ ಈ ಕೆಲಸಕ್ಕೆ ತಗುಲಿದ್ದು 11,200 ರೂಪಾಯಿ.

ಹಣ ಕೊಟ್ಟು ಹೊರಡುವ ದಿನ ಆಚಾರ್ಯರು ಮುರಿದ ಪ್ಲೇಟನ್ನು ಗುಜರಿಗೆ ಹಾಕಬೇಡಿ ಎಂದು ಅಲ್ಲೇ ಇರಿಸಿಕೊಂಡಿದ್ದರು. ಕಮಾನಿನ ಉಕ್ಕಿನ ಕತ್ತಿಗೆ ಸಮನಾದ ಕತ್ತಿಯಿಲ್ಲ ಎಂಬುದು ಮಲೆನಾಡಿನಲ್ಲಿ ಸೊಪ್ಪು ಕಡಿಯುವವರಿಗೆಲ್ಲ ಗೊತ್ತಿರುವ ವಿಷಯ. ತೂತಿನ ಕಡೆಯ ಒಂದು ಗೇಣನ್ನು, ಅಲ್ಲಿ ಇನ್ನಾವ ಬಿರುಕು ಅಡಗಿದೆಯೋ ಎಂದು ಕತ್ತರಿಸಿ ಎಸೆದು, ಉಳಿದುದರಲ್ಲಿ ಒಂದು ಕತ್ತಿ ಬಡಿದು ಕಳುಹಿಸಿಕೊಟ್ಟಿದ್ದಾರೆ. ಅದಕ್ಕಿನ್ನೂ ಹಿಡಿ ಹಾಕಿಸಬೇಕು.